ಡೈವಿಂಗ್ ಮಾಸ್ಕ್ ಒಳಗೆ ಮಂಜು ಕಟ್ಟುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಶಿರಸಿಯವನು. ಕಳೆದ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗಿದ್ದೆ. ನೀರಿಗಿಳಿದು ಐದು ನಿಮಿಷಕ್ಕೇ ಮಾಸ್ಕ್ ಒಳಗೆಲ್ಲ ಮಂಜು. ಮೀನು ನೋಡಲು ಹೋದವನಿಗೆ ಕಂಡಿದ್ದು ಬರೀ ಬಿಳಿ. ಈ ಸಲ ಸ್ವಂತ ಮಾಸ್ಕ್ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ಹಾಕಿಕೊಂಡು ನೋಡಿದರೆ ಅದಕ್ಕೂ ಅದೇ ರೋಗ. ಮಾಸ್ಕೇ ಸರಿ ಇಲ್ವಾ?

ಉತ್ತರ: ಮಾಸ್ಕ್ ಸರಿಯಾಗಿಯೇ ಇದೆ. ಹೊಸದು, ಅಷ್ಟೇ. ಹೊಸ ಮಾಸ್ಕಿಗೇ ಈ ಕಾಟ ಜಾಸ್ತಿ.

ಮಳೆಗಾಲದಲ್ಲಿ ಬಿಸಿ ಕಷಾಯದ ಲೋಟ ಬಾಯಿಗೆ ಹಿಡಿದರೆ ಕನ್ನಡಕ ಬೆಳ್ಳಗಾಗುತ್ತದಲ್ಲ, ಇದೂ ಅದೇ. ನಿಮ್ಮ ಮೈ 37 ಡಿಗ್ರಿ. ನಮ್ಮ ಕಡಲಿನ ನೀರು ಬೆಚ್ಚಗಿದ್ದರೂ 27–29 ಡಿಗ್ರಿ ಆಸುಪಾಸು. ಗಾಜಿನ ಹೊರಮೈಗೆ ಆ ನೀರು, ಒಳಮೈಗೆ ನಿಮ್ಮ ಉಸಿರು ಮತ್ತು ಬೆವರು. ಒಳಗಿನ ಹಸಿ ಗಾಳಿ ಗಾಜಿಗೆ ತಾಗಿದ ಕೂಡಲೇ ನೀರಾಗುತ್ತದೆ. ಅದನ್ನು ತಡೆಯಲು ಆಗುವುದಿಲ್ಲ. ಆ ನೀರು ಹನಿಹನಿಯಾಗಿ ಕೂರದಂತೆ ಮಾಡಬಹುದು.

ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿದ್ದೀರಲ್ಲ? ಗುಂಡಗೆ ನಿಂತು ಉರುಳುತ್ತದೆ. ಹೊಸ ಮಾಸ್ಕಿನ ಗಾಜೂ ಸುಮಾರು ಹಾಗೆಯೇ. ಕಾರ್ಖಾನೆಯಿಂದ ಬರುವಾಗ ಅದರ ಮೇಲೆ ಸಿಲಿಕೋನಿನ ತೆಳುವಾದ ಪಸೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ನೀರು ಸಾವಿರಾರು ಸಣ್ಣ ಹನಿಯಾಗಿ ಕೂರುತ್ತದೆ, ಬೆಳಕು ಚದುರುತ್ತದೆ. ನಿಮಗೆ ಕಂಡ ಬಿಳಿ ಅದೇ. ಪಸೆ ಹೋದರೆ ಅದೇ ನೀರು, ಚೆನ್ನಾಗಿ ತಿಕ್ಕಿದ ಸ್ಟೀಲ್ ತಟ್ಟೆ ಮೇಲಿನ ಹಾಗೆ, ತೆಳ್ಳಗೆ ಹರಡುತ್ತದೆ. ಆಗ ಗಾಜು ಒದ್ದೆಯಾಗಿದ್ದರೂ ಆಚೆ ಕಾಣುತ್ತದೆ.

ಹಾಗಾಗಿ ಮೊದಲು ಮನೆಯಲ್ಲೇ ಪಸೆ ತೆಗೆಯಿರಿ. ಬಿಳಿ ಟೂತ್‌ಪೇಸ್ಟ್ ಸಾಕು, ಜೆಲ್ ಬೇಡ. ಗಾಜಿನ ಒಳಮೈಗೆ ಬಟಾಣಿಯಷ್ಟು ಹಚ್ಚಿ, ಬೆರಳಿನಿಂದ ಎರಡು ಮೂರು ನಿಮಿಷ ತಿಕ್ಕಿ. ಮೂಲೆಗಳನ್ನು ಬಿಡಬೇಡಿ, ಪಸೆ ಉಳಿಯುವುದು ಅಲ್ಲೇ. ತೊಳೆದು, ಒರೆಸಿ, ಗಾಜಿನ ಮೇಲೆ ಹಾ ಎಂದು ಉಸಿರು ಬಿಡಿ. ಬೆಳ್ಳಗಾಯಿತಾ? ಮತ್ತೊಮ್ಮೆ ತಿಕ್ಕಿ. ನನ್ನ ಮಾಸ್ಕಿಗೆ ನಾಲ್ಕು ಸಲ ಬೇಕಾಯಿತು. ಕೊನೆಯ ಸಲ ತೊಳೆಯಲು ಸೋಮಾರಿತನ ಮಾಡಿ, ಮೂಲೆಯಲ್ಲಿ ಪೇಸ್ಟ್ ಉಳಿದು, ದೇವಬಾಗದ ನೀರಲ್ಲಿ ಅರ್ಧ ಗಂಟೆ ಕಣ್ಣು ಉರಿಸಿಕೊಂಡಿದ್ದೇನೆ. ಚೆನ್ನಾಗಿ ತೊಳೆಯಿರಿ.

ಲೈಟರ್ ಹಚ್ಚಿ ಪಸೆ ಸುಡುವವರೂ ಇದ್ದಾರೆ. ಟೆಂಪರ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಅದು ನಡೆಯುತ್ತದೆ. ಆದರೆ ಜ್ವಾಲೆ ಸ್ವಲ್ಪ ಆಚೀಚೆಯಾದರೆ ಗಾಜಿನ ಸುತ್ತಲಿನ ಮೆತ್ತನೆಯ ಸಿಲಿಕೋನ್ ಅಂಚು ಹಾಳು. ನಾನಂತೂ ಹೇಳುವುದಿಲ್ಲ. ಗಾಜಿಗೆ ಮಂಜು ತಡೆಯುವ ಲೇಪ ಕಂಪನಿಯವರೇ ಹಚ್ಚಿದ್ದರೆ ಪೇಸ್ಟೂ ಬೇಡ, ಬೆಂಕಿಯೂ ಬೇಡ. ಲೇಪವೇ ಕಿತ್ತು ಹೋಗುತ್ತದೆ.

ಇನ್ನು ದೋಣಿಯಲ್ಲಿ ಮಾಡುವ ಕೆಲಸ. ಇದು ಎಂಜಲಿನ ವಿಷಯ, ನಮ್ಮವರಿಗೆ ಸ್ವಲ್ಪ ಕಷ್ಟ. ಮೊದಲ ಸಲ ನಾನು ಮಾಸ್ಕ್ ಹಿಡಿದು ಅತ್ತಿತ್ತ ನೋಡುತ್ತಿದ್ದಾಗ ದೋಣಿಯ ಹುಡುಗ, "ಉಗುಳಿ ಅಕ್ಕಾ, ಸಮುದ್ರಕ್ಕೇನು ಮಡಿಯಾ?" ಅಂದ. ಎಂಜಲಿನಲ್ಲಿ ಲೋಳೆಯಂಥ ಅಂಶ ಇದೆ. ಸಾಬೂನಿನ ಹಾಗೆ ಅದೂ ನೀರನ್ನು ಗುಂಡಗೆ ನಿಲ್ಲಲು ಬಿಡುವುದಿಲ್ಲ, ಹರಡಿಸುತ್ತದೆ. ಗಾಜು ಒಣಗಿರುವಾಗಲೇ ಉಗುಳಿ, ಬೆರಳಿನಿಂದ ಎಲ್ಲಾ ಕಡೆ ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ತಿಕ್ಕಿ ತೊಳೆದರೆ ಹಚ್ಚಿದ್ದೆಲ್ಲ ಹೋಯಿತು. ನೀರಿಗೆ ಇಳಿಯುವ ಮುಂಚೆ ಹಚ್ಚಿ. ಮುರ್ಡೇಶ್ವರದಲ್ಲೇ ಹಚ್ಚಿಕೊಂಡು ಹೊರಟರೆ ನೇತ್ರಾಣಿ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಒಂದು ಮಾತು: ಶಿರಸಿಯವರು ಅಂದಿರಿ, ಬಾಯಲ್ಲಿ ಕವಳ (ಎಲೆ ಅಡಿಕೆ) ಇದ್ದರೆ ಮೊದಲು ಬಾಯಿ ಮುಕ್ಕಳಿಸಿ. ಇಲ್ಲದಿದ್ದರೆ ಮೀನೆಲ್ಲ ಕೆಂಪಗೆ ಕಂಡಾವು.

ಎಂಜಲು ಬೇಡವೇ ಬೇಡ ಎನ್ನುವವರು, ಬಾಡಿಗೆ ಮಾಸ್ಕ್ ಹಾಕುವವರು, ಮಕ್ಕಳ ಶಾಂಪೂ ನೀರಿಗೆ ಬೆರೆಸಿ ಸಣ್ಣ ಸ್ಪ್ರೇ ಬಾಟಲಿಯಲ್ಲಿ ಒಯ್ಯಿರಿ. ಕೆಲಸ ಒಂದೇ. ಅಂಟುವಾಳಕಾಯಿಯ ನೊರೆಯೂ ಇದೇ ಕೆಲಸ ಮಾಡೀತು, ಆದರೆ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಎಣ್ಣೆಸ್ನಾನ ಮಾಡಿದವರಿಗೆ ಗೊತ್ತು. ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬೇಡ.

ಇಷ್ಟೆಲ್ಲ ಮಾಡಿಯೂ ಮಂಜು ಬಂದರೆ ತಪ್ಪು ಹೆಚ್ಚಾಗಿ ಮೂಗಿನದು. ಹೊಸಬರು ಹೆದರಿ ಮೂಗಿನಿಂದ ಉಸಿರು ಬಿಡುತ್ತಲೇ ಇರುತ್ತಾರೆ, ಮಾಸ್ಕ್ ಒಳಗೆ ಬಿಸಿ ಹಬೆ ತುಂಬುತ್ತದೆ. ಬಾಯಲ್ಲೇ ಎಳೆದು ಬಾಯಲ್ಲೇ ಬಿಡಿ. ಕೆಳಗೆ ಇಳಿಯುವಾಗ ಮಾತ್ರ ಮೂಗಿನಿಂದ ಸ್ವಲ್ಪ ಗಾಳಿ ಬಿಡಲೇಬೇಕು. 10 ಮೀಟರ್ ಆಳಕ್ಕೆ ಒತ್ತಡ ಎರಡು ಪಟ್ಟಾಗುತ್ತದೆ, ಗಾಳಿ ಬಿಡದಿದ್ದರೆ ಮಾಸ್ಕ್ ಮುಖವನ್ನು ಹೀರಿ ಹಿಡಿಯುತ್ತದೆ. ಮುಖಕ್ಕೆ ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್ ಬಳಿದುಕೊಂಡು ಬಂದರೂ ಪಸೆ ಗಾಜಿಗೆ ಹತ್ತುತ್ತದೆ. ಮಾಸ್ಕನ್ನು ದೋಣಿಯಲ್ಲಿ ಬಿಸಿಲಿಗೆ ಇಡಬೇಡಿ, ಹಣೆಯ ಮೇಲೆ ಏರಿಸಿಕೊಂಡೂ ಕೂರಬೇಡಿ. ಕಾದ ಗಾಜು, ಬೆವರಿದ ಹಣೆ, ಎರಡೂ ಮಂಜಿಗೆ ದಾರಿ. ಹಾಕಿಕೊಳ್ಳುವ ಮುಂಚೆ ಮುಖಕ್ಕೆ ಸಮುದ್ರದ ನೀರು ಎರಚಿಕೊಳ್ಳಿ, ಮುಖ ತಂಪಾಗುತ್ತದೆ.

ನೀರೊಳಗೇ ಮಂಜಾದರೆ ಮಾಸ್ಕ್ ಕೀಳಬೇಡಿ. ಮೊದಲ ಡೈವ್ ಆಗಿದ್ದರೆ ಜೊತೆಗಿರುವ ಇನ್‌ಸ್ಟ್ರಕ್ಟರ್‌ಗೆ ಕೈ ಅಲ್ಲಾಡಿಸಿ, ಮಾಸ್ಕ್ ತೋರಿಸಿ. ಕಲಿತಿದ್ದರೆ ಮಾಸ್ಕಿನ ಅಂಚು ಚೂರು ಸಡಿಲಿಸಿ ಸ್ವಲ್ಪ ನೀರು ಒಳಗೆ ಬಿಡಿ. ತಲೆ ಬಗ್ಗಿಸಿ ಆ ನೀರಿನಿಂದಲೇ ಗಾಜು ತೊಳೆಯಿರಿ. ಆಮೇಲೆ ಮಾಸ್ಕಿನ ಮೇಲಂಚು ಒತ್ತಿ ಹಿಡಿದು, ತಲೆ ಸ್ವಲ್ಪ ಎತ್ತಿ, ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದನ್ನು ಸೊಂಟದಷ್ಟು ನೀರಲ್ಲಿ ಮೊದಲೇ ನಾಲ್ಕು ಸಲ ಮಾಡಿ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ ಸಿಹಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಿಮ್ಮೂರಿನ ಮಳೆಗಾಲಕ್ಕೆ ಸಿಲಿಕೋನಿಗೂ ಬೂಸ್ಟು ಹಿಡಿಯುತ್ತದೆ, ಹಸಿಯಾಗಿ ಡಬ್ಬಿಗೆ ಹಾಕಿಟ್ಟರೆ ಅಕ್ಟೋಬರ್‌ನಲ್ಲಿ ತೆಗೆದಾಗ ಕಪ್ಪು ಚುಕ್ಕೆ ಎಣಿಸಬೇಕಾಗುತ್ತದೆ.