ರಾಮಕೋಟಿ ಪುಸ್ತಕದ ಅಂಚಿನಲ್ಲಿ

ನಮ್ಮಮ್ಮ ರಾಮಕೋಟಿ ಬರೆಯುತ್ತಿದ್ದರು. ಚೌಕ ಚೌಕ ಮನೆ ಹಾಕಿದ ಪುಸ್ತಕ, ಒಂದೊಂದು ಮನೆಗೂ ಒಂದು ‘ಶ್ರೀರಾಮ’. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ದೇವರಮನೆ ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ಕೂರೋರು. ದಿನಕ್ಕೆ 500 ಬರೆದರೂ ಕೋಟಿ ಮುಗಿಯಲು 20,000 ದಿನ ಬೇಕು. ಅಂದರೆ ಹೆಚ್ಚುಕಮ್ಮಿ 55 ವರ್ಷ. ಅಮ್ಮನಿಗೆ ಈ ಲೆಕ್ಕ ಗೊತ್ತಿತ್ತು. ಮುಗಿಸುವ ಅವಸರ ಅವರಿಗಿರಲಿಲ್ಲ.

ಅವರು ಹೋದ ಮೇಲೆ ಆ ಪುಸ್ತಕಗಳನ್ನು ತೆಗೆದು ನೋಡಿದೆ. ಪುಟದ ಮೇಲ್ತುದಿಯ ಖಾಲಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲಲ್ಲಿ ಏನೋ ಬರೆದಿದ್ದರು. “ರಾಮಾ, ಇವತ್ತು ಮಗಳ ಮೇಲೆ ರೇಗಿದೆ. ಅವಳ ತಪ್ಪೇನಿರಲಿಲ್ಲ. ಬೆಳಗಿಂದ ಮಂಡಿ ನೋಯ್ತಿತ್ತು, ಅದಕ್ಕೇ ಹಾಗಾಡಿದೆ ಅನ್ಸತ್ತೆ.” ಆ ಮಗಳು ನಾನೇ.

ದೇವರಿಗೆ ಹೇಳಿಕೊಂಡ ಹಾಗೆ ಬರೆಯುವ ಇಂಥ ಪ್ರಾರ್ಥನೆಯ ಡೈರಿಯ ಈ ಎರಡು ಸಾಲಿನಲ್ಲಿ ಎಷ್ಟು ವಿಜ್ಞಾನ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿ 46 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಬರೆಸಿದರು. ದಿನಕ್ಕೆ 15 ನಿಮಿಷ, ನಾಲ್ಕು ದಿನ. ಕೆಲವರು ಸುಮ್ನೆ ಏನೋ ಸಾಧಾರಣ ವಿಷಯ ಬರೆದರು. ಉಳಿದವರು ಬದುಕಿನಲ್ಲಿ ತಮ್ಮನ್ನು ತುಂಬಾ ನೋಯಿಸಿದ ಸಂಗತಿ ಬರೆದರು. ನಡೆದದ್ದನ್ನೂ, ಆಗ ಮನಸ್ಸಿಗೆ ಆದದ್ದನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರಿಗೆ ಹಗುರ ಅನಿಸಿರಲಿಲ್ಲ, ಇನ್ನೂ ಭಾರ ಅನಿಸಿತ್ತು. ಇದನ್ನು ನೆನಪಿಡಬೇಕು. ಪ್ರಾರ್ಥನೆಯ ಡೈರಿ ಶುರು ಮಾಡಿದವರಲ್ಲಿ ಎಷ್ಟೋ ಜನ “ಬರೆದರೆ ಅಳು ಬರುತ್ತೆ” ಅಂತ ಎರಡನೇ ದಿನವೇ ನಿಲ್ಲಿಸಿಬಿಡುತ್ತಾರೆ.

ಪೆನ್ನೆಬೇಕರ್ ಮುಂದೆ ಬರಹಗಳಲ್ಲಿನ ಪದಗಳನ್ನೇ ಎಣಿಸಿ ನೋಡಿದರು. ದಿನದಿಂದ ದಿನಕ್ಕೆ ‘ಏಕೆಂದರೆ’, ‘ಈಗ ಅರ್ಥವಾಯಿತು’ ಎಂಬಂಥ ಮಾತು ಜಾಸ್ತಿಯಾದವರಿಗೆ ಲಾಭವೂ ಜಾಸ್ತಿ. ಅಮ್ಮನ ‘ಅದಕ್ಕೇ’ ಇಂಥದ್ದೇ ಮಾತು. ಮಂಡಿನೋವಿಗೂ ಮಗಳ ಮೇಲಿನ ಸಿಟ್ಟಿಗೂ ಮಧ್ಯೆ ಅದೊಂದು ಗಂಟು ಹಾಕುತ್ತದೆ.

ಸಿಟ್ಟಿಗೆ ಸಿಟ್ಟು ಅಂತ ಹೆಸರಿಡುವುದರಲ್ಲೂ ಗುಣ ಇದೆ. 2007ರಲ್ಲಿ ಲಾಸ್ ಏಂಜಲೀಸಿನ ವಿಜ್ಞಾನಿಗಳು ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಕೋಪದ, ಭಯದ ಮುಖಗಳನ್ನು ತೋರಿಸಿದರು. ಆ ಭಾವನೆಗೆ ತಕ್ಕ ಹೆಸರನ್ನು ಆರಿಸಿದಾಗ, ಮಿದುಳಲ್ಲಿ ಭಯಕ್ಕೆ ಬೇಗ ಎಚ್ಚರಗೊಳ್ಳುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಇಳಿಯಿತು.

ಹಾಗಾದರೆ ದೇವರಿಗೇ ಯಾಕೆ ಬರೆಯಬೇಕು? ಕೇಳುವವರಿದ್ದಾರೆ ಅಂದುಕೊಂಡಾಗ ನಮ್ಮ ಮಾತು ಬದಲಾಗುತ್ತದೆ, ಅಲ್ವಾ? ಹಿಂದೆಮುಂದೆ ಬಿಡಿಸಿ ಹೇಳುತ್ತೇವೆ. ಬಸವಣ್ಣನವರು ಕೂಡಲಸಂಗಮದೇವನನ್ನು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಕರೆದು ಹೇಳಿದ ಮಾತುಗಳಲ್ಲಿ ತಮ್ಮನ್ನು ತಾವೇ ತಡವಿ ನೋಡಿಕೊಳ್ಳುವ ಎಷ್ಟೊಂದು ಕ್ಷಣಗಳಿವೆ. ಅಂಕಿತ ಬರೀ ಸಹಿ ಅಂತ ನನಗೆ ಅನಿಸುವುದಿಲ್ಲ. ಅದು ಎದುರಿಗೆ ಕೂತು ಕೇಳುವವರ ಹೆಸರು.

ಬೇರೆ ಧರ್ಮಗಳಲ್ಲೂ ಇದಕ್ಕೆ ದಾರಿಗಳಿವೆ. 1548ರಲ್ಲಿ ಅಚ್ಚಾದ, ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಸಾಧನೆಯ ಕೈಪಿಡಿಯಲ್ಲಿ, ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷ ಆರಿಸಿಕೊಂಡು, ಜಾರಿದಾಗಲೆಲ್ಲ ಗೆರೆಯ ಮೇಲೆ ಚುಕ್ಕಿ ಇಡಲು ಹೇಳಿದೆ. ದಿನಕ್ಕೆ ಎರಡು ಗೆರೆ. ನಿನ್ನೆಯ ಚುಕ್ಕಿಗಳ ಜೊತೆ ಇವತ್ತಿನದನ್ನು ಹೋಲಿಸಿ ನೋಡಬೇಕು. ಹತ್ತು ದೋಷ ಒಟ್ಟಿಗೆ ಬಿಡಿಸಲು ಹೊರಡುವ ನಮಗೆ ಇದು ಒಳ್ಳೆಯ ಪಾಠ.

ಡೈರಿಯಿಂದ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಯಾರೂ ಆಸೆ ಹುಟ್ಟಿಸಬಾರದು. 2006ರಲ್ಲಿ ಪೆನ್ನೆಬೇಕರ್ ಮಾಡಿದಂಥ, ಬರೆಸಿ ನೋಡಿದ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇರುವುದು ನಿಜ, ಆದರೆ ಸಣ್ಣದು ಅಂತ ಕಂಡಿತು. ಅದೇ ನೋವನ್ನು ದಿನವೂ ಅದೇ ಮಾತಿನಲ್ಲಿ ಕೆದಕುತ್ತಾ ಹೋದರೆ ಕೆಲವರಿಗೆ ಕೆಡುಕೂ ಆಗಬಹುದು. ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಸಿದಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಬೇಕು, ಪುಸ್ತಕ ಆಮೇಲೆ.

ನನಗೆ ಕಂಡ ಇನ್ನೊಂದು ತೊಡಕಿದೆ. ದೇವರ ಮುಂದೆ ಒಳ್ಳೆಯವರಾಗಿ ಕಾಣಬೇಕು ಅಂತ ಬರೆಯುವುದು. ನನ್ನ ಡೈರಿಯ ಮೊದಲ ತಿಂಗಳೆಲ್ಲ ‘ಎಲ್ಲ ನಿನ್ನ ದಯೆ’ ಅನ್ನೋದೇ ತುಂಬಿತ್ತು. ಯಾವ ದಯೆ, ಎಂದು, ಯಾರ ಕೈಯಿಂದ, ಒಂದೂ ಇಲ್ಲ. ಕೋಪವಂತೂ ಇಲ್ಲವೇ ಇಲ್ಲ. ದೇವರ ಮೇಲಿನ ಸಿಟ್ಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿರುವ ಮನಶ್ಶಾಸ್ತ್ರಜ್ಞೆ ಜೂಲಿ ಎಕ್ಸ್‌ಲೈನ್ ಅವರ ಪ್ರಕಾರ ಅದು ನಂಬಿಕೆಯುಳ್ಳವರಲ್ಲೂ ಸಾಮಾನ್ಯ. ನಮ್ಮ ದಾಸರು ನಿಂದಾಸ್ತುತಿ ಹಾಡಿ ಇದಕ್ಕೆ ಎಂದೋ ಜಾಗ ಮಾಡಿಕೊಟ್ಟಿದ್ದಾರೆ.

ಅಮ್ಮನಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗಿನ ಒಂದು ಪುಟ ಇದೆ. ಅಂಚಿನಲ್ಲಿ ಒಂದೇ ಸಾಲು: “ರಾಮಾ, ಇವತ್ತು ನಿನ್ನ ಹೆಸರು ಬರೆಯೋಕೆ ಮನಸ್ಸಿಲ್ಲ.” ಕೆಳಗೆ ಮನೆಗಳೆಲ್ಲ ಖಾಲಿ. ಮುಂದಿನ ಪುಟದ ಮೊದಲ ಮನೆಯಿಂದ ಮತ್ತೆ ಶ್ರೀರಾಮ ಶುರುವಾಗುತ್ತದೆ, ಅಕ್ಷರ ಸ್ವಲ್ಪ ನಡುಗಿದೆ.