ಪ್ಲಗ್ ಮೊದಲು, ಸೆನ್ಸರ್ ಆಮೇಲೆ

ಮನೆ ಆಟೊಮೇಷನ್ ರಿಪೇರಿಗೆ ಕರೆಯುವವರ ದೂರು ಹೆಚ್ಚುಕಡಿಮೆ ಒಂದೇ. ಹಾಕಿದ ಹೊಸತರಲ್ಲಿ ಎಲ್ಲ ಸರಿಯಿತ್ತು, ಈಗ ಬಾಗಿಲಿನ ಸೆನ್ಸರ್ ಆಗಾಗ ಕೈಕೊಡುತ್ತದೆ. ಬ್ಯಾಟರಿ ಬದಲಿಸಿರುತ್ತಾರೆ, ಕೆಲವರು ಸೆನ್ಸರನ್ನೇ ಬದಲಿಸಿರುತ್ತಾರೆ. ನಾನು ಮೊದಲು ಕೇಳುವುದು ಬೇರೆಯೇ: ಕಂಟ್ರೋಲರಿಗೆ, ಅಂದರೆ ಎಲ್ಲವನ್ನೂ ನಿಯಂತ್ರಿಸುವ ಕೇಂದ್ರಕ್ಕೆ, ಉಪಕರಣಗಳನ್ನು ಯಾವ ಕ್ರಮದಲ್ಲಿ ಸೇರಿಸಿದಿರಿ, ಎಲ್ಲಿಟ್ಟು ಸೇರಿಸಿದಿರಿ? ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೇ ಸಂಜೆಯಲ್ಲಿ ಸೇರಿಸಿ, ಆಮೇಲೆ ಮನೆಯ ಮೂಲೆಮೂಲೆಗೆ ಒಯ್ದು ಅಂಟಿಸಿದೆವು ಎನ್ನುತ್ತಾರೆ. ತೊಂದರೆಯ ಬೇರು ಬಹಳ ಸಲ ಅಲ್ಲೇ ಇರುತ್ತದೆ.

ಈ ಉಪಕರಣಗಳು ತಂತಿಯಿಲ್ಲದೆ ಮಾತಾಡಿಕೊಳ್ಳುವ ತಂತ್ರಜ್ಞಾನ ಜಿಗ್‌ಬೀ ಆಗಲಿ, ಝಡ್-ವೇವ್ ಆಗಲಿ, ಸಾಮಾನ್ಯವಾಗಿ ನಡೆಯುವುದು ಮೆಶ್ ಜಾಲವಾಗಿ. ದೂರದ ಸೆನ್ಸರಿನ ಸಂದೇಶ ನಡುವಿನ ಉಪಕರಣಗಳನ್ನು ದಾಟಿ ಕಂಟ್ರೋಲರಿಗೆ ತಲುಪುತ್ತದೆ. ಆದರೆ ಸಂದೇಶವನ್ನು ಮುಂದಕ್ಕೆ ದಾಟಿಸುವ ಕೆಲಸ ಸದಾ ವಿದ್ಯುತ್ತಿನಲ್ಲಿರುವ ಉಪಕರಣಗಳದ್ದು, ಅಂದರೆ ಸ್ಮಾರ್ಟ್ ಪ್ಲಗ್, ಗೋಡೆಯ ಸ್ಮಾರ್ಟ್ ಸ್ವಿಚ್, ಸ್ವಿಚ್ ಹಿಂದೆ ಕೂತು ವಿದ್ಯುತ್ ಹಾಯಿಸುವ, ಕಡಿಯುವ ಪುಟ್ಟ ರಿಲೇ ಇಂಥವುಗಳದ್ದು. ಬ್ಯಾಟರಿಯ ಸೆನ್ಸರ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ, ಅದು ಬೇರೆಯವರ ಸಂದೇಶ ಹೊರುವುದಿಲ್ಲ. ಜಿಗ್‌ಬೀ ಸೆನ್ಸರ್ ಸೇರುವಾಗ ಹತ್ತಿರದ ಒಂದು ಉಪಕರಣವನ್ನು ಆಸರೆಯಾಗಿ ಹಿಡಿಯುತ್ತದೆ. ಮೇಜಿನ ಮೇಲೆ ಸೇರಿಸಿದರೆ ಆ ಆಸರೆ ಕಂಟ್ರೋಲರೇ ಆಗುವ ಸಂಭವ ಹೆಚ್ಚು. ಆಮೇಲೆ ಮೂರು ಗೋಡೆ ಆಚೆಗೆ ಒಯ್ದರೂ ಕೆಲವು ಸೆನ್ಸರುಗಳು ಹಳೆಯ ಆಸರೆಯನ್ನು ಬಿಡುವುದೇ ಇಲ್ಲ. ಸಿಗ್ನಲ್ ಕ್ಷೀಣವಾಗಿ, ಒಂದು ದಿನ ಸಂಪರ್ಕವೇ ತಪ್ಪುತ್ತದೆ.

ಆದ್ದರಿಂದ ನನ್ನ ಕ್ರಮ ಹೀಗೆ. ವಿದ್ಯುತ್ತಿನ ಉಪಕರಣಗಳು ಮೊದಲು. ಕಂಟ್ರೋಲರಿಗೆ ಹತ್ತಿರದ ಕೋಣೆಯಿಂದ ಶುರುಮಾಡಿ ಹೊರಗಿನ ಕಡೆಗೆ, ಒಂದೊಂದನ್ನೂ ಅದು ಕೊನೆಗೆ ಇರಬೇಕಾದ ಜಾಗದಲ್ಲಿಟ್ಟೇ ಸೇರಿಸುವುದು. ಅವು ನೆಲೆನಿಂತ ಮೇಲೆ ಬ್ಯಾಟರಿಯವು, ಅವೂ ಅವುಗಳ ಜಾಗದಲ್ಲೇ. ಝಡ್-ವೇವ್‌ನಲ್ಲಿ ಒಂದು ಸಂದೇಶ ನಡುವೆ ಗರಿಷ್ಠ 4 ಉಪಕರಣಗಳನ್ನು ಮಾತ್ರ ದಾಟಬಲ್ಲದು. ದೊಡ್ಡ ಮನೆಯಲ್ಲಿ ಪ್ಲಗ್ ಎಲ್ಲೆಲ್ಲಿ ಬರಬೇಕು ಎಂಬುದನ್ನು ಮೊದಲೇ ಯೋಚಿಸಬೇಕಾಗುವುದು ಇದಕ್ಕೇ.

ಇಲ್ಲಿ ಸ್ಮಾರ್ಟ್ ಬಲ್ಬಿನ ವಿಷಯ ಹೇಳಲೇಬೇಕು. ಜಿಗ್‌ಬೀ ಬಲ್ಬ್ ಕೂಡ ಸಾಮಾನ್ಯವಾಗಿ ಸಂದೇಶ ದಾಟಿಸುತ್ತದೆ. ಮನೆಯವರು ರೂಢಿಯಂತೆ ಗೋಡೆಯ ಸ್ವಿಚ್ ಆರಿಸಿದ ಕ್ಷಣ ಆ ದಾರಿ ಕಡಿಯುತ್ತದೆ, ಅದನ್ನೇ ನಂಬಿದ್ದ ಸೆನ್ಸರ್ ಮೂಕವಾಗುತ್ತದೆ. ರಾತ್ರಿ ಮಾತ್ರ ಕೈಕೊಡುವ ಸೆನ್ಸರ್ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಹತ್ತಿರದ ಬಲ್ಬನ್ನು. ಜನ ಕೈಯಿಂದ ಆರಿಸುವ ದೀಪಕ್ಕೆ ಸ್ಮಾರ್ಟ್ ಬಲ್ಬಿಗಿಂತ ಸ್ಮಾರ್ಟ್ ಸ್ವಿಚ್ಚೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವುದನ್ನೂ ಸೇರಿಸುವ ಮೊದಲು ಚಾನೆಲ್ ತೀರ್ಮಾನವಾಗಬೇಕು. ಜಿಗ್‌ಬೀ ನಡೆಯುವುದು ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ, 11ರಿಂದ 26ರವರೆಗಿನ ಚಾನೆಲುಗಳಲ್ಲಿ. ವೈಫೈ ಸಾಮಾನ್ಯವಾಗಿ ಬಳಸುವ 1, 6, 11ನೇ ಚಾನೆಲುಗಳ ನಡುವಿನ ಸಂದಿಯಲ್ಲಿ ಜಿಗ್‌ಬೀಯ 15 ಮತ್ತು 20 ಬರುತ್ತವೆ, 25 ಮತ್ತು 26 ಆ ಮೂರರಿಂದಲೂ ಆಚೆಗೆ ಉಳಿಯುತ್ತವೆ. 26ರಲ್ಲಿ ಕೆಲವು ಉಪಕರಣಗಳು ಸರಿಯಾಗಿ ಸೇರುವುದಿಲ್ಲವಾದ್ದರಿಂದ ನಾನು 15, 20, 25ರಲ್ಲೇ ಒಂದನ್ನು ಆರಿಸುತ್ತೇನೆ. ಆಮೇಲೆ ಬದಲಿಸಹೊರಟರೆ ಕೆಲವು ಉಪಕರಣಗಳನ್ನು ಮತ್ತೆ ಸೇರಿಸಬೇಕಾಗುತ್ತದೆ. ಕಂಟ್ರೋಲರಿನ ಜಿಗ್‌ಬೀ ರೇಡಿಯೊ ಇರುವುದು ಯುಎಸ್‌ಬಿ ಸ್ಟಿಕ್ಕಿನಲ್ಲಾದರೆ ಅದನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಬೇಡಿ. ಯುಎಸ್‌ಬಿ 3.0 ಪೋರ್ಟಿನಿಂದ ಹೊಮ್ಮುವ ರೇಡಿಯೊ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಗೆ ಬೀಳುತ್ತದೆ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಸ್ಟಿಕ್ಕನ್ನು ದೂರ ಇಟ್ಟರೆ ಎಷ್ಟೋ ಮನೆಗಳ ಸಮಸ್ಯೆ ಅಷ್ಟಕ್ಕೇ ಮುಗಿಯುತ್ತದೆ. ಝಡ್-ವೇವ್‌ಗೆ ಈ ಕಾಟವಿಲ್ಲ, ಆದರೆ ಅದರ ಆವರ್ತನ ಪ್ರದೇಶಕ್ಕೊಂದು. ಯುರೋಪಿನದು 868.42 ಮೆಗಾಹರ್ಟ್ಸ್, ಅಮೆರಿಕದ್ದು 908.42. ಬೇರೆ ಪ್ರದೇಶಕ್ಕೆಂದು ತಯಾರಾದ ಉಪಕರಣ ನಿಮ್ಮ ಕಂಟ್ರೋಲರಿಗೆ ಕೇಳಿಸುವುದೇ ಇಲ್ಲ.

ಝಡ್-ವೇವ್ ಉಪಕರಣ ಹೊಸದಾದರೂ ಮೊದಲು ಎಕ್ಸ್‌ಕ್ಲೂಷನ್ ಮಾಡಿ, ಅಂದರೆ ಹಳೆಯ ಜಾಲದ ನಂಟು ಕಡಿಯಿರಿ, ಆಮೇಲೆ ಸೇರಿಸಿ. ಪರೀಕ್ಷೆಗೋ ಮತ್ತೊಂದಕ್ಕೋ ಅದು ಹಿಂದೆ ಬೇರೆ ಜಾಲಕ್ಕೆ ಸೇರಿದ್ದರೆ ನಿಮ್ಮ ಕಂಟ್ರೋಲರ್ ಎಷ್ಟು ಕರೆದರೂ ಓಗೊಡದು. ಎಕ್ಸ್‌ಕ್ಲೂಷನ್ ಮಾಡಲು ಹಳೆಯ ಕಂಟ್ರೋಲರೇ ಬೇಕಿಲ್ಲ, ಯಾವುದಾದರೂ ಆದೀತು. ಝಡ್-ವೇವ್‌ನ ಎಸ್2 ಎಂಬ ಭದ್ರತಾ ವ್ಯವಸ್ಥೆ ಇರುವ ಉಪಕರಣ ಸೇರಿಸುವಾಗ 5 ಅಂಕಿಯ ಪಿನ್ ಕೇಳಬಹುದು. ಮ್ಯಾಟರ್ (ಬೇರೆಬೇರೆ ಕಂಪನಿಗಳ ಉಪಕರಣಗಳು ಒಟ್ಟಿಗೆ ನಡೆಯಲೆಂದು ಇರುವ ಮಾನದಂಡ) ಉಪಕರಣವಾದರೆ ಕ್ಯೂಆರ್ ಕೋಡ್, ಇಲ್ಲವೇ ಸಾಮಾನ್ಯವಾಗಿ 11 ಅಂಕಿಯ ಕೋಡ್. ಇವು ಉಪಕರಣದ ಮೈಮೇಲೆಯೇ ಅಚ್ಚಾಗಿರುವುದುಂಟು. ರಿಲೇಯನ್ನು ಗೋಡೆಯ ಡಬ್ಬಿಯೊಳಗೆ ತುರುಕಿ ಸ್ಕ್ರೂ ಬಿಗಿದ ಮೇಲೆ ಆ ಅಂಕಿ ಓದಲು ಮತ್ತೆ ಎಲ್ಲ ಬಿಚ್ಚಬೇಕು. ಕೂರಿಸುವ ಮೊದಲೇ ಫೋಟೊ ತೆಗೆದಿಡಿ.

ಸೇರಿತು ಎಂದು ಪರದೆಯ ಮೇಲೆ ಬಂದ ಕೂಡಲೇ ಮುಂದಿನ ಉಪಕರಣಕ್ಕೆ ಕೈಹಾಕಬೇಡಿ. ಆಗಿನ್ನೂ ಕಂಟ್ರೋಲರ್ ಹೊಸಬನನ್ನು ವಿಚಾರಿಸುತ್ತಿರುತ್ತದೆ: ನೀನು ಯಾರು, ಏನೇನು ಅಳೆಯಬಲ್ಲೆ, ಏನು ಆದೇಶ ಪಾಲಿಸಬಲ್ಲೆ. ಇದಕ್ಕೆ ಇಂಟರ್‌ವ್ಯೂ ಎನ್ನುತ್ತೇವೆ. ಬ್ಯಾಟರಿಯ ಸೆನ್ಸರ್ ನಡುವೆಯೇ ನಿದ್ದೆಗೆ ಜಾರಿದರೆ ವಿಚಾರಣೆ ಅರ್ಧಕ್ಕೆ ನಿಲ್ಲುತ್ತದೆ. ಆಗ ಪಟ್ಟಿಯಲ್ಲಿ ಉಪಕರಣ ಕಾಣುತ್ತದೆ, ಬ್ಯಾಟರಿ ಮಟ್ಟವೂ ಕಂಡೀತು, ಚಲನೆಯೋ ಉಷ್ಣತೆಯೋ ಮಾತ್ರ ಇರುವುದಿಲ್ಲ. ಸೆನ್ಸರ್ ಕೆಟ್ಟಿದೆಯೆಂದು ವಾಪಸು ಕಳಿಸಬೇಡಿ. ಅದರ ಬಟನ್ ಒತ್ತಿ ಎಚ್ಚರಿಸುತ್ತಾ ಇಂಟರ್‌ವ್ಯೂ ಮತ್ತೆ ನಡೆಸಿ. ಸೆಟ್ಟಿಂಗ್ ಬದಲಿಸಿದಾಗಲೂ ಅಷ್ಟೇ, ಝಡ್-ವೇವ್ ಸೆನ್ಸರ್ ಎಚ್ಚರಾಗುವವರೆಗೆ ಬದಲಾವಣೆ ಕಂಟ್ರೋಲರಿನಲ್ಲೇ ಕಾದು ಕೂತಿರುತ್ತದೆ.

ವಿದ್ಯುತ್ ಬಳಕೆ ಅಳೆಯುವ ಪ್ಲಗ್ಗಿನ ವರದಿ ಸೆಟ್ಟಿಂಗನ್ನು ಅಂದೇ ನೋಡಿಬಿಡಿ. ಒಂದೊಂದು ವ್ಯಾಟ್ ಏರಿಳಿತಕ್ಕೂ ವರದಿ ಕಳಿಸುವ ನಾಲ್ಕಾರು ಪ್ಲಗ್ ಸಾಕು, ಸೆಕೆಂಡಿಗೆ ಹೆಚ್ಚೆಂದರೆ 100 ಕಿಲೋಬಿಟ್ ಸಾಗಿಸುವ ಝಡ್-ವೇವ್ ಜಾಲ ಉಸಿರುಗಟ್ಟಲು. ಸ್ವಿಚ್ ಒತ್ತಿದ ಮೇಲೆ ದೀಪ ತಡವಾಗಿ ಹತ್ತುವುದಕ್ಕೆ ಇದೊಂದು ಕಾರಣ.

ಹೆಸರನ್ನು ಜಾಗ ಮತ್ತು ಕೆಲಸದಿಂದ ಇಡಿ, "ಮೆಟ್ಟಿಲು ಚಲನೆ", "ಹಿಂಬಾಗಿಲು" ಎಂದು. ಮುಂದೆ ಆ ಸೆನ್ಸರ್ ಕೆಟ್ಟು ಬೇರೆ ಕಂಪನಿಯದು ಬಂದರೂ ಅದೇ ಹೆಸರು ಕೊಟ್ಟರೆ, ಬಹಳಷ್ಟು ಕಂಟ್ರೋಲರುಗಳಲ್ಲಿ ಆಟೊಮೇಷನ್ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ ಅಥವಾ ಹಗುರಾಗುತ್ತದೆ. ಹಳೆಯದನ್ನು ತೆಗೆಯುವಾಗ ಬ್ಯಾಟರಿ ಕಿತ್ತು ಬಿಸಾಡಬೇಡಿ, ಕಂಟ್ರೋಲರಿನಿಂದ ವಿಧಿವತ್ತಾಗಿ ಹೊರಹಾಕಿ. ಸತ್ತ ಉಪಕರಣ ಪಟ್ಟಿಯಲ್ಲಿ ಉಳಿದರೆ ಕಂಟ್ರೋಲರ್ ಅದನ್ನು ಕರೆಯುತ್ತಾ ಉತ್ತರಕ್ಕೆ ಕಾಯುತ್ತದೆ, ಅಷ್ಟು ಹೊತ್ತು ಉಳಿದವುಗಳ ಸಂದೇಶ ಹಿಂದೆ ಬೀಳಬಹುದು. ಹೀಗೆ ಪಟ್ಟಿ ಶುದ್ಧವಾಗಿರುವಾಗಲೇ ಜಾಲದ ಕೀಲಿಗಳೂ (ಸಂದೇಶಗಳನ್ನು ಗುಟ್ಟಾಗಿಡುವ ಸಂಕೇತಗಳು) ಸೇರಿದಂತೆ ಬ್ಯಾಕಪ್ ತೆಗೆದು ಕಂಟ್ರೋಲರಿನ ಹೊರಗೆ ಇಡಿ. ಕೀಲಿ ಕಳೆದುಹೋದರೆ ಪ್ರತಿ ಉಪಕರಣದ ಮುಂದೆಯೂ ಏಣಿ ಹಾಕಿ ನಿಂತು ಮೊದಲಿನಿಂದ ಸೇರಿಸಬೇಕಾಗುತ್ತದೆ.