ಪುಡಿ ಹೊಳೆಗಲ್ಲ, ಘಟಕದ ಬಾಗಿಲಿಗೆ

ಬೆಂಗಳೂರಿನ ವೃಷಭಾವತಿ ಹೊಳೆಯಿಂದ ಸೀಸ, ಕ್ರೋಮಿಯಂನಂಥ ಭಾರಲೋಹ ತೆಗೆಯುವ ಪುಡಿ ತಯಾರಿಸಿದ್ದೇವೆ ಎಂದು ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಹಿಡಿದು ಬರುತ್ತಾರೆ. ಕರಟದ ಇದ್ದಿಲು, ಬಾಳೆಹಣ್ಣಿನ ಸಿಪ್ಪೆ, ಸೀಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ವಸ್ತು. ಗ್ರಾಫ್ ಯಾವಾಗಲೂ ಚೆಂದ. ನನ್ನ ಮೊದಲ ಪ್ರಶ್ನೆ, ನೀರು ಎಲ್ಲಿಯದು? ಡಿಸ್ಟಿಲ್ಡ್ ನೀರಿಗೆ ಲೆಡ್ ನೈಟ್ರೇಟ್ (ಸೀಸದ ಲವಣ) ಕರಗಿಸಿದ್ದು ಅಂದರೆ ಆ ಗ್ರಾಫನ್ನು ಪಕ್ಕಕ್ಕಿಡುತ್ತೇನೆ. ಹೊಳೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಚರಂಡಿಯ ಕೊಳೆ, ಸೋಪು ಎಲ್ಲವೂ ಸೀಸಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದು, ಪುಡಿಯ ಮೇಲ್ಮೈಯಲ್ಲಿ ಜಾಗಕ್ಕೆ ಮುಗಿಬೀಳುತ್ತವೆ.

ಇನ್ನು ಲೆಕ್ಕ. ಲೀಟರಿಗೆ 1 ಮಿಲಿಗ್ರಾಂ ಲೋಹವಿರುವ 10 ಲಕ್ಷ ಲೀಟರ್ ನೀರೆಂದರೆ 1 ಕೆ.ಜಿ. ಲೋಹ. ಒಂದು ಗ್ರಾಂ ಪುಡಿ 10 ಮಿಲಿಗ್ರಾಂ ಹಿಡಿದರೆ ಬೇಕಾಗುವುದು 100 ಕೆ.ಜಿ. ಪುಡಿ. ವೃಷಭಾವತಿಯಲ್ಲಿ ದಿನಕ್ಕೆ ಹರಿಯುವುದು ಕೋಟಿಗಟ್ಟಲೆ ಲೀಟರ್!

ಅದಕ್ಕೇ ಲೋಹವನ್ನು ಅದು ಹುಟ್ಟುವಲ್ಲೇ ಹಿಡಿಯಬೇಕು ಎನ್ನುತ್ತೇನೆ. ಪೀಣ್ಯ ಕೈಗಾರಿಕಾ ಪ್ರದೇಶದ ಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕದಲ್ಲಿ ಕ್ರೋಮ್ ತೊಳೆದ ನೀರು ಹಳದಿಯಾಗಿರುತ್ತದೆ. ಅದು ಆರು ವೇಲೆನ್ಸಿಯ ಕ್ರೋಮಿಯಂ, ವಿಷ. ಆಸಿಡ್ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹೆಚ್ಚು ಆಮ್ಲ) 2–3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಅನ್ನು 8–9ಕ್ಕೆ ಏರಿಸಿದರೆ ಕ್ರೋಮಿಯಂ ಕೆಸರಾಗಿ ತಳಕ್ಕೆ ಕೂರುತ್ತದೆ. ಬಹುಪಾಲು ಲೋಹ ಇಲ್ಲೇ ಮುಗಿಯಿತು, ಅದೂ ಅಗ್ಗದಲ್ಲಿ. ಇದ್ದಿಲಿನ ಕಾಲಂ, ಅಂದರೆ ಪುಡಿ ತುಂಬಿ ನೀರು ಹರಿಸುವ ಕೊಳವೆ, ಬೇಕಾಗುವುದು ಉಳಿದ ಚೂರುಪಾರಿಗೆ.

ಅಲ್ಲೂ ಪಿಎಚ್ ಕಾಟ ತಪ್ಪಿದ್ದಲ್ಲ. ಸೀಸ, ನಿಕ್ಕಲ್, ಕ್ಯಾಡ್ಮಿಯಂ ಧನ ಅಯಾನುಗಳು. ಸಾಮಾನ್ಯವಾಗಿ ಪಿಎಚ್ 5–6ರ ಆಸುಪಾಸಿನಲ್ಲಿ ಚೆನ್ನಾಗಿ ಅಂಟುತ್ತವೆ. ಆರು ವೇಲೆನ್ಸಿಯ ಕ್ರೋಮಿಯಂ ಋಣ ಅಯಾನಾಗಿರುವುದರಿಂದ ಅದಕ್ಕೆ ಇನ್ನೂ ಆಮ್ಲೀಯ ನೀರೇ ಬೇಕು. ಒಂದೇ ಕಾಲಂನಲ್ಲಿ ಎಲ್ಲ ಲೋಹ ಹಿಡಿಯುತ್ತೇವೆ ಎನ್ನುವ ಮಾರಾಟಗಾರರಿಗೆ ನಿಮ್ಮ ಘಟಕದ್ದೇ ನೀರು ಕೊಟ್ಟು, ಕಾಲಂ ಓಡಿಸಿ ತೋರಿಸಲು ಹೇಳಿ. ಫ್ಲಾಸ್ಕಿನಲ್ಲಿ ಅಲುಗಾಡಿಸಿದ ಫಲಿತಾಂಶ ಸಾಲದು. ಕಾಲಂನಿಂದ ಹೊರಬರುವ ನೀರಿನಲ್ಲಿ ಲೋಹ ಮತ್ತೆ ಕಾಣಿಸಿಕೊಳ್ಳುವುದು ಎಷ್ಟು ಲೀಟರ್ ಹರಿದ ಮೇಲೆ ಎಂಬುದೇ ಪುಡಿಯ ನಿಜವಾದ ಆಯುಸ್ಸು. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿಯಂತೂ ಸೀಸಕ್ಕೆ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003. ಶೇಕಡಾ ತೊಂಬತ್ತೈದು ತೆಗೆದೆವು ಎಂದ ಮಾತ್ರಕ್ಕೆ ಉಳಿದದ್ದು ಮಿತಿಯೊಳಗಿದೆಯೇ ಎಂಬುದು ಗೊತ್ತಾಗುವುದಿಲ್ಲ.

ಬಳಸಿದ ಪುಡಿಯನ್ನು ಆಸಿಡ್‌ನಿಂದ ತೊಳೆದು ಮತ್ತೆ ಬಳಸಬಹುದು, ಆದರೆ ಪ್ರತಿ ಸಲವೂ ಅದರ ಶಕ್ತಿ ಒಂದಿಷ್ಟು ಕುಗ್ಗುತ್ತದೆ. ತೊಳೆದ ಆಸಿಡ್‌ನಲ್ಲಿ ಅದೇ ಲೋಹ, ಈಗ ಇನ್ನಷ್ಟು ಗಾಢವಾಗಿ. ಅದನ್ನೂ ಹಳೆಯ ಪುಡಿಯನ್ನೂ ನಗರಪಾಲಿಕೆಯ ಕಸದ ಗಾಡಿಗೆ ಹಾಕುವಂತಿಲ್ಲ. ಅಪಾಯಕಾರಿ ತ್ಯಾಜ್ಯವಾಗಿ ದಾಬಸ್‌ಪೇಟೆಯಲ್ಲಿರುವಂಥ ಸಂಸ್ಕರಣೆ–ವಿಲೇವಾರಿ ಕೇಂದ್ರಕ್ಕೆ ಹೋಗಬೇಕು. ಆ ಖರ್ಚನ್ನು ಕೊಟೇಶನ್‌ನಲ್ಲಿ ಮೊದಲೇ ಬರೆಸಿಕೊಳ್ಳಿ.